ಯೂ ಜೊತೆಗಿಲ್ಲದ ಕ್ಯೂ

ಬೆಂಗಳೂರಿನ ಜಯನಗರದಲ್ಲಿ, ನಮ್ಮ ಬಡಾವಣೆಯ ಓದುಗರ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪವಿದು. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ವಿಷಯ ಬರುವಲ್ಲಿಯೇ ಸೇರಿಸಿದ್ದೇನೆ.

ಕಳೆದ ಬೇಸಿಗೆ ರಜೆಗೆ ನನ್ನ ಮೊಮ್ಮಗಳು ನಮ್ಮ ಮನೆಗೆ ಬಂದಾಗ ಅವಳ ಚೀಲದಲ್ಲಿ ನಾಲ್ಕಾಗಿ ಮಡಚಿದ ಒಂದು ಹಾಳೆಯಿತ್ತು. ಇಂಗ್ಲಿಷಿನ ಎರಡಕ್ಷರದ, ಮೂರಕ್ಷರದ, ನಾಲ್ಕಕ್ಷರದ, ಐದಕ್ಷರದ ಪದಗಳನ್ನು ಅದರಲ್ಲಿ ಗುಂಪುಗುಂಪಾಗಿ ಅಚ್ಚು ಹಾಕಿದ್ದರು: ಕ್ಯೂ ಇರುವ ಪದಗಳು ಒಂದು ಕಡೆ, ಝಡ್ ಇರುವವು ಇನ್ನೊಂದು ಕಡೆ, ಎಕ್ಸ್ ಇರುವವು ಮತ್ತೊಂದು ಕಡೆ, ಸ್ವರಾಕ್ಷರವೇ ಇಲ್ಲದವು ಕೊನೆಯಲ್ಲಿ. ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ಸ್ಪರ್ಧೆಗೆ ತಯಾರಾಗಲೆಂದು ಶಾಲೆಯಲ್ಲಿ ಕೊಟ್ಟ ಪಟ್ಟಿ. ಅವಳು ಅದನ್ನು ಮಗ್ಗಿ ಒಪ್ಪಿಸುವಂತೆ ಒಂದೇ ಉಸಿರಿಗೆ ಒಪ್ಪಿಸಿದಳು. "ಕ್ಯೂ-ಐ ಅಂದರೆ ಏನು ಪುಟ್ಟಿ?" ಎಂದು ಕೇಳಿದೆ. "ಹನ್ನೊಂದು ಪಾಯಿಂಟು ಅಜ್ಜಿ" ಎಂದಳು.

ಮಗುವಿನದು ತಪ್ಪಲ್ಲ. ಹಾಳೆಯಲ್ಲಿ ಪದಗಳಿದ್ದವು, ಅಂಕಗಳಿದ್ದವು. ಅರ್ಥ ಎಂಬ ಅಂಕಣವೇ ಇರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳಾದ ನನಗೆ ಆ ದಿನ ಬಹಳ ನೋವಾಯಿತು. ಆ ನೋವಿಗೆ ಕಾರಣ ಅರ್ಥ ಗೊತ್ತಿಲ್ಲದಿರುವುದಷ್ಟೇ ಆಗಿರಲಿಲ್ಲ. ಒಂದೇ ಬಗೆಯ ವಿಚಿತ್ರ ಅಕ್ಷರಗಳನ್ನು ಹಂಚಿಕೊಂಡ ಪದಗಳು ಹಾಗೆ ಹಂಚಿಕೊಂಡದ್ದು ಆಕಸ್ಮಿಕವಲ್ಲ, ಅದಕ್ಕೆ ಕಾರಣವಿದೆ, ಆ ಕಾರಣದಲ್ಲಿಯೇ ಅರ್ಧ ಅರ್ಥ ಅಡಗಿದೆ. ಪಟ್ಟಿ ಮಾಡಿದವರು ಪದಗಳನ್ನು ಸರಿಯಾಗಿಯೇ ಗುಂಪು ಮಾಡಿ, ಆ ಗುಂಪು ಏಕೆ ಗುಂಪಾಯಿತು ಎಂಬುದನ್ನು ಮಾತ್ರ ಹೇಳದೆ ಬಿಟ್ಟಿದ್ದರು. ಈ ದಿನ ನಾನು ಆ ಬಿಟ್ಟ ಭಾಗವನ್ನು ಹೇಳಬೇಕೆಂದಿದ್ದೇನೆ. ಇಂಗ್ಲಿಷ್ ಪದಗಳನ್ನು ಅಕ್ಷರಗಳ ಹೆಸರು ಹಿಡಿದು ಬಿಡಿಸಿ ಹೇಳುತ್ತೇನೆ. ದಯಮಾಡಿ ಮನಸ್ಸಿನಲ್ಲಿ ಜೋಡಿಸಿಕೊಳ್ಳಿ.

ಮೊದಲು ಆ ಆಟದ ಬಗ್ಗೆ ಎರಡು ಮಾತು. ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಕಾಲದಲ್ಲಿ ಇದನ್ನು ರೂಪಿಸಿದನು. ಪತ್ರಿಕೆಗಳ ಪುಟಗಳನ್ನು ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ಹೆಚ್ಚು ಬರುವುದಕ್ಕೆ ಕಡಿಮೆ ಅಂಕ, ಅಪರೂಪಕ್ಕೆ ಬರುವುದಕ್ಕೆ ಹೆಚ್ಚು ಅಂಕ ಎಂದು ಇಟ್ಟನು. 1948ರಲ್ಲಿ ಜೇಮ್ಸ್ ಬ್ರೂನೊ ಎಂಬಾತ ಇದಕ್ಕೆ ಸ್ಕ್ರ್ಯಾಬಲ್ ಎಂಬ ಹೆಸರು ಕೊಟ್ಟು ಮಾರಾಟಕ್ಕೆ ತಂದನು. ಒಟ್ಟು 100 ಬಿಲ್ಲೆಗಳಲ್ಲಿ ಇ ಅಕ್ಷರದವು 12. ಕ್ಯೂ ಒಂದೇ ಒಂದು, ಝಡ್ ಒಂದೇ ಒಂದು, ಎರಡಕ್ಕೂ ಹತ್ತತ್ತು ಅಂಕ. ಜೆ ಮತ್ತು ಎಕ್ಸ್ ಕೂಡ ಒಂದೊಂದೇ, ಎಂಟೆಂಟು ಅಂಕ. ಹೀಗಾಗಿ ಆಟಗಾರರಿಗೆ ಕ್ಯೂ, ಝಡ್, ಎಕ್ಸ್ ಇರುವ ಚಿಕ್ಕ ಪದಗಳೆಂದರೆ ಚಿನ್ನ. ಅಪರೂಪದ ಅಕ್ಷರಕ್ಕೆ ಬೆಲೆ ಹೆಚ್ಚೆಂದು ಬಟ್ಸ್ ಕಂಡುಕೊಂಡನು, ಸರಿ. ಅಕ್ಷರ ಅಪರೂಪವಾದದ್ದು ಏಕೆ ಎಂಬುದು ಭಾಷೆಯ ಚರಿತ್ರೆಗೆ ಸೇರಿದ ಪ್ರಶ್ನೆ.

ಕನ್ನಡದವರಾದ ನಮಗೆ ಚಿಕ್ಕ ಪದಗಳು ಹೊಸತಲ್ಲ. ಬಾ, ತಾ, ಹೂ, ಕೈ, ನೀ ಇವೆಲ್ಲ ಒಂದೊಂದೇ ಅಕ್ಷರದವು. ಹಳಗನ್ನಡದಲ್ಲಿ ಆ ಎಂದರೆ ಹಸು. ಆಕಳು ಎಂಬ ಮಾತಿನ ತಲೆಯಲ್ಲಿ ಅದು ಇಂದಿಗೂ ಕುಳಿತಿದೆ. ಈ ಎಂದರೆ ಕರು ಹಾಕು. ಮೀ ಎಂದರೆ ಸ್ನಾನ ಮಾಡು. ಇವುಗಳ ಅರ್ಥ ನಮಗೆ ತಿಳಿಯುವುದು ನಾವು ಅವುಗಳನ್ನು ಬಾಳಿನಲ್ಲಿ ಬಳಸಿದ್ದರಿಂದ, ಅಥವಾ ಬಳಸಿದವರ ಮಾತನ್ನು ಕೇಳಿದ್ದರಿಂದ. ಇಂಗ್ಲಿಷಿನ ಈ ಪುಟ್ಟ ಪದಗಳನ್ನೂ ಯಾರೋ ಎಲ್ಲೋ ಬಾಳಿನಲ್ಲಿ ಬಳಸಿದ್ದಾರೆ; ಅವರನ್ನು ಹುಡುಕಿ ಹೋಗಬೇಕು.

ಈಗ ಕ್ಯೂಗೆ ಬರುತ್ತೇನೆ. ಇಂಗ್ಲಿಷಿನಲ್ಲಿ ಕ್ಯೂ ಬಂದರೆ ಪಕ್ಕದಲ್ಲಿ ಯೂ ಬರಲೇಬೇಕೆಂದು ನಾವೆಲ್ಲ ಪ್ರೌಢಶಾಲೆಯಲ್ಲಿ ಕಲಿತಿದ್ದೇವೆ, ನಾನೂ ಹಾಗೆಯೇ ಕಲಿಸಿದ್ದೇನೆ. ಈ ನಿಯಮ ಇಂಗ್ಲಿಷಿನ ಹುಟ್ಟುಗುಣವಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ರಾಣಿ ಎಂಬರ್ಥದ ಕ್ವೀನ್ ಪದವನ್ನು ಸಿ-ಡಬ್ಲ್ಯೂ ಎಂಬ ಅಕ್ಷರಗಳಿಂದ ಆರಂಭಿಸಿ ಬರೆಯುತ್ತಿದ್ದರು. ಬೇಗ ಎಂಬರ್ಥದ ಕ್ವಿಕ್ ಕೂಡ ಹಾಗೆಯೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ, ಫ್ರೆಂಚ್ ಬರವಣಿಗೆಯಲ್ಲಿ ಪಳಗಿದ ಲಿಪಿಕಾರರು ತಮ್ಮ ರೂಢಿಯಂತೆ ಸಿ-ಡಬ್ಲ್ಯೂ ತೆಗೆದು ಕ್ಯೂ-ಯೂ ಹಾಕಿದರು. ಆ ರೂಢಿ ಅವರಿಗೆ ಬಂದದ್ದು ಲ್ಯಾಟಿನ್ನಿನಿಂದ. ಅಂದರೆ ಕ್ವೀನ್ ಎಂಬ ಅಪ್ಪಟ ಇಂಗ್ಲಿಷ್ ಪದ ಉಟ್ಟಿರುವುದು ಫ್ರೆಂಚ್ ಸೀರೆ.

ಆ ಉಡುಪನ್ನು ತೆಗೆದು ನೋಡಿದರೆ ಒಳಗೆ ಕಾಣುವುದು ನಮಗೆ ಪರಿಚಿತವಾದ ಮುಖ. ಕ್ವಿಕ್ ಎಂಬುದರ ಹಳೆಯ ಅರ್ಥ ಬೇಗ ಎಂದಲ್ಲ, ಜೀವಂತ ಎಂದು. ಪಾದರಸಕ್ಕೆ ಕ್ವಿಕ್ ಸಿಲ್ವರ್ ಎಂಬ ಹೆಸರು ಬಂದದ್ದು ಅದು ಜೀವವಿರುವ ಬೆಳ್ಳಿಯಂತೆ ಓಡಾಡುವುದರಿಂದ. ಭಾಷಾಶಾಸ್ತ್ರಜ್ಞರು ಈ ಕ್ವಿಕ್ ಮತ್ತು ಸಂಸ್ಕೃತದ ಜೀವ ಒಂದೇ ಬೇರಿನವು ಎಂದು ತೋರಿಸಿದ್ದಾರೆ. ಕ್ವೀನ್ ಎಂಬುದು ಸ್ತ್ರೀ ಎಂಬರ್ಥದ ವೈದಿಕ ಪದ ಜನಿಯ ನಂಟಿನದು. ಈ ಜಕಾರದ ನಂಟನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ಹಾಗಾದರೆ ಯೂ ಜೊತೆಗಿಲ್ಲದ ಕ್ಯೂ ಎಲ್ಲಿಂದ ಬಂತು? ಕ್ಯೂ ಅಕ್ಷರದ ಮೂಲ ಫಿನಿಷಿಯನ್ನರ ಕೋಫ್. ಅದು ನಮ್ಮ ಕಕಾರಕ್ಕಿಂತ ಆಳದಲ್ಲಿ, ನಾಲಗೆಯ ಬುಡ ಕಿರುನಾಲಗೆಯನ್ನು ತಾಕಿದಾಗ ಹೊರಡುವ ಧ್ವನಿ. ಗ್ರೀಕರಿಗೆ ಆ ಧ್ವನಿ ಬೇಕಿರಲಿಲ್ಲವಾದ್ದರಿಂದ ಅಕ್ಷರವನ್ನು ಸ್ವಲ್ಪ ಕಾಲ ಇಟ್ಟುಕೊಂಡು ಬಿಟ್ಟುಬಿಟ್ಟರು. ಎಟ್ರಸ್ಕನ್ನರ ಮೂಲಕ ಅದು ಲ್ಯಾಟಿನ್ನಿಗೆ ಸೇರಿ ಯೂ ಅಕ್ಷರದ ಜೋಡಿಯಾಯಿತು. ಆದರೆ ಹೀಬ್ರೂ ಮತ್ತು ಅರಬ್ಬಿ ಭಾಷೆಗಳಲ್ಲಿ ಮೂಲ ಅಕ್ಷರ ಉಳಿದುಬಂದಿತು. ಯುರೋಪಿನ ಪಂಡಿತರು ಅರಬ್ಬಿ ಪದಗಳನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಆ ಆಳದ ಧ್ವನಿಗೆ ಕ್ಯೂ ಒಂದನ್ನೇ ಬಳಸಿದರು. ಆದ್ದರಿಂದ ಇಂಗ್ಲಿಷ್ ನಿಘಂಟಿನಲ್ಲಿ ಯೂ ಇಲ್ಲದ ಕ್ಯೂ ಕಂಡರೆ, ಬಹುಪಾಲು ಅದು ಅರಬ್ಬಿಯಿಂದ ಬಂದ ಪದವೆಂದು ಕಣ್ಣುಮುಚ್ಚಿ ಊಹಿಸಬಹುದು.

ಕ್ಯೂ-ಎ-ಟಿ, ಕಾತ್, ಎಂಬುದು ಯೆಮನ್, ಇಥಿಯೋಪಿಯ, ಸೊಮಾಲಿಯಗಳಲ್ಲಿ ಜನರು ಮಧ್ಯಾಹ್ನದ ಹೊತ್ತು ಕೂಡಿ ಕುಳಿತು ಅಗಿಯುವ ಎಲೆ. ಅದರಲ್ಲಿ ಮತ್ತೇರಿಸುವ ಅಂಶವಿದೆ, ಎಷ್ಟೋ ದೇಶಗಳು ಅದನ್ನು ನಿಷೇಧಿಸಿವೆ. ಆದರೆ ಎಲೆಯನ್ನು ದವಡೆಗಿಟ್ಟು ಮಾತಿಗೆ ಕೂರುವುದೆಂದರೆ ಏನೆಂದು ಎಲೆಯಡಿಕೆ ತಟ್ಟೆಯ ಸುತ್ತ ಬೆಳೆದ ನಮಗೆ ವಿವರಿಸಬೇಕಾಗಿಲ್ಲ. ಎಸ್-ಯೂ-ಕ್ಯೂ, ಸೂಕ್, ಎಂದರೆ ಪೇಟೆ. ಒಂದೊಂದು ಗಲ್ಲಿಯಲ್ಲಿ ಒಂದೊಂದು ಕಸುಬಿನವರು ಕೂರುವ ಹಳೆಯ ಅರಬ್ ಪೇಟೆಯನ್ನು ಕಲ್ಪಿಸಿಕೊಳ್ಳಲು ನಾವು ದೂರ ಹೋಗಬೇಕಿಲ್ಲ. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆಗಳಲ್ಲಿ ಒಂದು ಸುತ್ತು ನಡೆದರೆ ಸಾಕು. ಇಲ್ಲಿ ಯೂ ಇದೆಯಲ್ಲ ಎಂದು ಒಬ್ಬ ಹುಡುಗ ಎದ್ದು ನಿಂತು ಕೇಳಿದನು, ಒಳ್ಳೆಯ ಪ್ರಶ್ನೆ. ಇದೆ, ಆದರೆ ಕ್ಯೂಗಿಂತ ಮುಂಚೆ ಇದೆ. ನಿಯಮ ಕೇಳುವುದು ಕ್ಯೂ ಆದ ಮೇಲಿನ ಯೂವನ್ನು. ಕ್ಯೂ-ಎ-ಡಿ-ಐ ಎಂದರೆ ನ್ಯಾಯ ಹೇಳುವವನು, ನಮ್ಮ ಖಾಜಿ. ಎಫ್-ಎ-ಕ್ಯೂ-ಐ-ಆರ್ ಎಂದರೆ ನಮ್ಮ ಫಕೀರ, ಮೂಲಾರ್ಥ ಬಡವ. ಈ ಕೊನೆಯ ಪದಕ್ಕೆ ಇಂಗ್ಲಿಷ್ ನಿಘಂಟುಗಳಲ್ಲಿ ಕೆ ಹಾಕಿದ ರೂಪವೂ ಇದೆ, ಕ್ಯೂ ಪಕ್ಕದಲ್ಲಿ ಯೂ ತುರುಕಿದ ರೂಪವೂ ಇದೆ. ಯೂ ಇಲ್ಲದ ಕ್ಯೂ ಕಂಡು ಕೆಲವು ಲಿಪಿಕಾರರಿಗೆ ಸಮಾಧಾನವಾಗಿರಲಿಲ್ಲವೆಂದು ಕಾಣುತ್ತದೆ.

ಇದೇ ಅರಬ್ಬಿ ಅಕ್ಷರ ಕನ್ನಡಕ್ಕೂ ಬಂದಿದೆ. ನಾವು ಅದಕ್ಕೆ ಬೇರೆ ಅಕ್ಷರ ಕೊಡಲಿಲ್ಲ, ಕಕಾರದಲ್ಲಿ ಕಲಸಿಬಿಟ್ಟೆವು. ತಾಲ್ಲೂಕು ಕಚೇರಿಗೆ ಹೋಗಿ, ಹಕ್ಕುಪತ್ರದ ನಕಲು ಕೇಳಿ, ಬಾಕಿ ಕಟ್ಟಿ, ಕಾಯ್ದೆಯ ಕಲಮನ್ನು ಗುಮಾಸ್ತರ ಬಾಯಿಂದ ಓದಿಸಿಕೊಂಡು ಬಂದ ರೈತನನ್ನು ನೆನೆಯಿರಿ. ತಾಲ್ಲೂಕು, ಹಕ್ಕು, ನಕಲು, ಬಾಕಿ, ಕಾಯ್ದೆ, ಕಲಮು: ಆ ಒಂದು ವಾಕ್ಯದಲ್ಲಿ ಆರು ಪದಗಳ ಮೂಲದಲ್ಲಿ ಆ ಆಳದ ಧ್ವನಿಯಿದೆ. ಅವು ಅರಬ್ಬಿಯಿಂದ ಫಾರ್ಸಿ, ದಖ್ಖನಿಗಳ ಮೂಲಕ ಆಡಳಿತದ ದಾರಿ ಹಿಡಿದು ಬಂದು ನಮ್ಮವಾದವು. ಇಂಗ್ಲಿಷ್ ತನ್ನ ಅತಿಥಿಗಳಿಗೆ ಅವರವರ ಪೇಟವನ್ನು ಉಳಿಸಿತು. ಕನ್ನಡ ಅವರನ್ನು ಪಂಕ್ತಿಯಲ್ಲಿ ಕೂರಿಸಿಕೊಂಡಿತು. ಎರಡೂ ಕ್ರಮಗಳನ್ನು ನಾನು ಗೌರವಿಸುತ್ತೇನೆ. ಆದರೆ ಇಂಗ್ಲಿಷ್ ಓದುವವನಿಗೆ ಕ್ಯೂ ಕಂಡಾಕ್ಷಣ ಸಿಗುವ ಸುಳಿವು ಕನ್ನಡ ಓದುವವನಿಗೆ ಬಾಕಿ ಎಂಬ ಪದದಲ್ಲಿ ಸಿಗುವುದಿಲ್ಲ, ಅದನ್ನು ಕಲಿಸಿಯೇ ತಿಳಿಸಬೇಕು.

ಈ ಗುಂಪಿನಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಪದ ಐದಕ್ಷರದ್ದು, ಕ್ಯೂ-ಎ-ಎನ್-ಎ-ಟಿ, ಕನಾತ್. ಬೆಟ್ಟದ ಬುಡದ ಅಂತರ್ಜಲವನ್ನು ನೆಲದಡಿಯ ಸುರಂಗದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರಿನಲ್ಲಿ, ಯಾವ ರಾಟೆಯೂ ಏತವೂ ಇಲ್ಲದೆ ಊರಿಗೆ ಹರಿಸುವ ವ್ಯವಸ್ಥೆ ಅದು. ಸುರಂಗ ತೋಡಲು, ಮಣ್ಣು ಎತ್ತಲು, ಗಾಳಿಯಾಡಲು ನಡುನಡುವೆ ಬಾವಿಯಂಥ ಕಂಡಿಗಳು. ಇರಾನಿನ ಕನಾತ್‌ಗಳನ್ನು ಯುನೆಸ್ಕೊ 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇದೇ ವ್ಯವಸ್ಥೆಗೆ ಫಾರ್ಸಿಯಲ್ಲಿ ಕಾರೇಜ್ ಎಂಬ ಹೆಸರೂ ಇದೆ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕಾರೇಜ್ ಇಂದಿಗೂ ಇದೆ. ಅರಬ್ಬಿಯಲ್ಲಿ ಕನಾತ್ ಎಂದರೆ ಕಾಲುವೆ, ಈಟಿ, ಜೊಂಡು. ಕಾಲುವೆ ಎಂಬರ್ಥದ ಇಂಗ್ಲಿಷಿನ ಕೆನಾಲ್ ಕೂಡ ಜೊಂಡು ಎಂಬರ್ಥದ ಹಳೆಯ ಸೆಮಿಟಿಕ್ ಪದದಿಂದ ಗ್ರೀಕ್, ಲ್ಯಾಟಿನ್‌ಗಳ ಮೂಲಕ ಸುತ್ತಿ ಬಂದದ್ದು. ಒಳಗೆ ಪೊಳ್ಳಾದ ಜೊಂಡು ನೀರಿನ ಕೊಳವೆಗೆ ಹೆಸರು ಕೊಟ್ಟಿತು. ನನ್ನ ಮೊಮ್ಮಗಳ ಹಾಳೆಯಲ್ಲಿ ಇದರ ಪಕ್ಕದಲ್ಲಿದ್ದದ್ದು ಹದಿನಾಲ್ಕು ಎಂಬ ಅಂಕ.

ಕ್ಯೂ-ಐ ಮಾತ್ರ ಅರಬ್ಬಿಯದಲ್ಲ, ಚೀನೀ ಭಾಷೆಯದು. ಅದನ್ನು ಚೀ ಎಂದು ಉಚ್ಚರಿಸಬೇಕು. ಚೀನಾ 1958ರಲ್ಲಿ ಪಿನ್‌ಯಿನ್ ಎಂಬ ರೋಮನ್ ಬರವಣಿಗೆಯನ್ನು ಅಂಗೀಕರಿಸಿದಾಗ, ನಮ್ಮ ಛಕಾರಕ್ಕೆ ಹತ್ತಿರವಾದ ಒಂದು ಧ್ವನಿಗೆ ಕ್ಯೂವನ್ನು ಗೊತ್ತುಮಾಡಿದರು. ಅಕ್ಷರ ಖಾಲಿಯಿತ್ತು, ಧ್ವನಿಗೆ ಮನೆ ಬೇಕಿತ್ತು. ಕೀಲಿಮಣೆಯಲ್ಲಿ ಕನ್ನಡ ಬರೆಯುವ ನಾವು ಕೂಡ ಇಂಥದ್ದನ್ನೇ ಮಾಡಿದ್ದೇವೆ: ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ಕ್ಯೂ ಒತ್ತಿದರೆ ಪರದೆಯ ಮೇಲೆ ಮೂಡುವುದು ಟ. ಚೀ ಎಂದರೆ ಗಾಳಿ, ಆವಿ, ಉಸಿರು. ಅಲ್ಲಿಂದ ದೇಹದಲ್ಲಿ ಸಂಚರಿಸುವ ಜೀವಶಕ್ತಿ. ನಮ್ಮ ಪ್ರಾಣ ಎಂಬ ಪದಕ್ಕೆ ಇರುವ ಹರವು ಅದಕ್ಕೂ ಇದೆ. ಯೂ ಇರುವ ಕ್ವಿಕ್ ಮತ್ತು ಯೂ ಇಲ್ಲದ ಚೀ, ಒಂದಕ್ಕೊಂದು ಯಾವ ನಂಟೂ ಇಲ್ಲದ ಎರಡು ಪದಗಳು, ಒಂದೇ ಅಕ್ಷರದ ಕೆಳಗೆ ಬಂದು ನಿಂತು ಎರಡೂ ಜೀವವನ್ನೇ ಹೇಳುತ್ತಿರುವುದು ನನಗೆ ಪ್ರತಿ ಸಲವೂ ಸಂತೋಷ ಕೊಡುವ ಸಂಗತಿ.

ಕ್ಯೂ ನಿಲ್ಲುವುದು ಎನ್ನುತ್ತೇವಲ್ಲ, ಆ ಕ್ಯೂ ಯಾವುದು ಎಂದು ಹಿರಿಯರೊಬ್ಬರು ಕೇಳಿದರು. ಅದು ಅಕ್ಷರದ ಹೆಸರಲ್ಲ. ಐದಕ್ಷರದ ಬೇರೆಯೇ ಪದ, ಫ್ರೆಂಚಿನಿಂದ ಬಂದದ್ದು, ಅರ್ಥ ಬಾಲ. ಉದ್ದನೆಯ ಸಾಲನ್ನು ಕಂಡು ಹನುಮಂತನ ಬಾಲ ಎಂದು ನಾವು ಹೇಳುವುದನ್ನೇ ಫ್ರೆಂಚರೂ ಹೇಳಿದ್ದಾರೆ, ಹನುಮಂತನೊಬ್ಬನನ್ನು ಬಿಟ್ಟು.

ಝಡ್ ಅಕ್ಷರದ ಗುಂಪಿನಲ್ಲಿ ಝಡ್-ಓ ಎಂಬ ಪದವಿದೆ. ಯಾಕ್ ಮತ್ತು ಹಸುವಿನ ಮಿಶ್ರತಳಿಯ ಪ್ರಾಣಿ ಅದು. ಹಿಮಾಲಯದ ಕಡೆ ಹೊರೆ ಹೊರುತ್ತದೆ, ನೇಗಿಲು ಎಳೆಯುತ್ತದೆ. ಗಂಡಿಗೆ ಸಂತಾನವಾಗುವುದಿಲ್ಲ, ಹೆಣ್ಣಿಗೆ ಆಗುತ್ತದೆ. ಇದೇ ಪ್ರಾಣಿಗೆ ಝಡ್-ಎಚ್-ಓ, ಡಿ-ಝಡ್-ಓ, ಡಿ-ಎಸ್-ಓ, ಡಿ-ಝಡ್-ಎಚ್-ಓ ಎಂಬ ಬರಹಗಳೂ ಇವೆ. ಪಟ್ಟಿಯನ್ನು ಉರು ಹೊಡೆಯುವ ಮಗುವಿಗೆ ಇವು ಐದು ಪದಗಳು. ಅರ್ಥ ತಿಳಿದವರಿಗೆ ಒಂದೇ ಪ್ರಾಣಿ. ಟಿಬೆಟನ್ ಬರವಣಿಗೆಯಲ್ಲಿ ಈ ಪದದ ಮುಂದೆ ಒಂದು ಮಕಾರವಿದೆ, ಅದರ ಹಿಂದಿನ ಧ್ವನಿ ನಮ್ಮ ದಕಾರಕ್ಕೂ ಝಕಾರಕ್ಕೂ ನಡುವಿನದು. ಕೇಳಿದವರು ತಮಗೆ ಕೇಳಿಸಿದಂತೆ ರೋಮನ್ ಲಿಪಿಗೆ ಇಳಿಸಿದ್ದರಿಂದ ಹೀಗೆ ಐದು ರೂಪಗಳಾದವು. ಬೈಲಕುಪ್ಪೆಯ ಟಿಬೆಟನ್ ಹಿರಿಯರ ಮುಂದೆ ಈ ಪದವನ್ನು ಆಡಿ ನೋಡಿ, ಅಂಕದ ಮಾತು ಬರುವುದಿಲ್ಲ, ತವರಿನ ಮಾತು ಬರುತ್ತದೆ.

ಝಡ್-ಎ ಎಂಬುದು ಪಿಜ್ಜಾ ಎಂಬ ಪದದ ಬಾಲ. ಅಮೆರಿಕದ ಹುಡುಗರು ತಲೆಯನ್ನು ಕತ್ತರಿಸಿ ಬಾಲವನ್ನು ಉಳಿಸಿಕೊಂಡರು. ಇದೆಂಥ ಪದ ಎಂದು ಮೂಗು ಮುರಿಯುವ ಮೊದಲು ನಾವು ದಿನವೂ ಹತ್ತುವ ಬಸ್ಸನ್ನು ನೋಡಬೇಕು. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಸಾರ್ವಜನಿಕರಿಗಾಗಿ ಓಡಿಸಿದ ಕುದುರೆ ಗಾಡಿಗೆ ಓಮ್ನಿಬುಸ್ ಎಂಬ ಲ್ಯಾಟಿನ್ ಹೆಸರಿಟ್ಟರು, ಎಲ್ಲರಿಗೆ ಎಂಬರ್ಥ. ಅದರಲ್ಲಿ ಎಲ್ಲ ಎಂಬ ಅರ್ಥವಿರುವುದು ಮುಂಭಾಗದಲ್ಲಿ. ಹಿಂದಿನ ಭಾಗ ಬರೀ ಚತುರ್ಥೀ ವಿಭಕ್ತಿಯ ಬಹುವಚನ ಪ್ರತ್ಯಯ. ಇಂಗ್ಲಿಷರು ಮುಂದಿನದನ್ನು ಬಿಟ್ಟು ಆ ಪ್ರತ್ಯಯದ ತುಣುಕನ್ನು ಇಟ್ಟುಕೊಂಡರು. ಎಲ್ಲರಿಗೆ ಎಂಬ ಪದದಿಂದ ಎಲ್ಲರನ್ನು ಇಳಿಸಿ, ಬರೀ ಗೆ ಹತ್ತಿ ಮೆಜೆಸ್ಟಿಕ್ಕಿಗೆ ಹೋದಂತೆ ಇದು. ವಿಭಕ್ತಿ ಪ್ರತ್ಯಯವೊಂದು ಚಕ್ರ ಕಟ್ಟಿಕೊಂಡು ಬೆಂಗಳೂರಿನ ಬೀದಿಯಲ್ಲಿ ಓಡಾಡುವುದನ್ನು ವ್ಯಾಕರಣ ಕಲಿಸುವ ಯಾವ ಮೇಷ್ಟರೂ ಮಕ್ಕಳಿಗೆ ಹೇಳದೆ ಬಿಡಬಾರದು.

ಎಕ್ಸ್ ಅಕ್ಷರದಲ್ಲಿ ನಮಗೆ ಒಂದು ಅನುಕೂಲವಿದೆ. ಇಂಗ್ಲಿಷಿನ ಮಗುವಿಗೆ ಅದು ಒಂಟಿ ಗುರುತು. ಕನ್ನಡದ ಮಗುವಿಗೆ ಅದು ಕಕಾರ ಸಕಾರಗಳ ಒತ್ತಕ್ಷರವೆಂದು ಕೇಳಿದೊಡನೆ ತಿಳಿಯುತ್ತದೆ, ಏಕೆಂದರೆ ನಮ್ಮಲ್ಲಿ ಕ್ಷ ಇದೆ. ಓ-ಎಕ್ಸ್, ಎತ್ತು. ಸಂಸ್ಕೃತದಲ್ಲಿ ಹೋರಿಗೆ ಉಕ್ಷ ಎಂದು ಹೆಸರು. ಆಕ್ಸ್ ಮತ್ತು ಉಕ್ಷ ಒಂದೇ ಮೂಲದ ಪದಗಳು. ಬಸವನಗುಡಿಯ ದೊಡ್ಡ ಬಸವನ ಮುಂದೆ ನಿಂತು ಎರಡನ್ನೂ ಒಂದರ ಹಿಂದೊಂದು ಉಚ್ಚರಿಸಿದರೆ ಕಿವಿಯೇ ಸಾಕ್ಷಿ ಹೇಳುತ್ತದೆ. ಹಾಗೆಯೇ ಆಕ್ಸಿಸ್ ಮತ್ತು ಭೂಮಿಯ ಅಕ್ಷ. ಪಿ-ವೈ-ಎಕ್ಸ್ ಎಂಬುದು ಕ್ರೈಸ್ತರ ಪೂಜೆಯಲ್ಲಿ ಪವಿತ್ರ ರೊಟ್ಟಿಯನ್ನು ಇಡುವ ಸಣ್ಣ ಭರಣಿ. ಲಂಡನ್ನಿನಲ್ಲಿ ಹೊಸ ನಾಣ್ಯಗಳ ತೂಕ, ಲೋಹಗಳನ್ನು ಪರೀಕ್ಷಿಸುವ, 13ನೆಯ ಶತಮಾನದಿಂದ ನಡೆದುಬಂದಿರುವ ವಿಧಿಗೂ ನಾಣ್ಯ ಕೂಡಿಡುವ ಪೆಟ್ಟಿಗೆಯಿಂದಾಗಿ ಅದೇ ಹೆಸರು. ಗ್ರೀಕಿನಲ್ಲಿ ಒಂದು ಜಾತಿಯ ಗಟ್ಟಿ ಮರಕ್ಕೂ ಅದರಿಂದ ಕಡೆದ ಡಬ್ಬಿಗೂ ಇದ್ದ ಹೆಸರಿನಿಂದ ಇದು ಬಂತು. ಅದೇ ಹೆಸರು ಲ್ಯಾಟಿನ್ನಿನಲ್ಲಿ ಇನ್ನೊಂದು ದಾರಿ ಹಿಡಿದು ನಾವು ದಿನವೂ ಆಡುವ ಬಾಕ್ಸ್ ಆಯಿತು. ಝಡ್-ಎ-ಎಕ್ಸ್ ಎಂಬುದು ಮನೆಯ ಮಾಡಿಗೆ ಹೊದಿಸುವ ಕಲ್ಲುಪದರವನ್ನು ಕತ್ತರಿಸಿ ಮೊಳೆಗೆ ತೂತು ಮಾಡುವ ಕತ್ತಿ. ಮಂಗಳೂರು ಹೆಂಚಿನ ನಮ್ಮ ಮನೆಗಳಿಗೆ ಅದು ಬೇಕಾಗಲಿಲ್ಲ, ಹಾಗಾಗಿ ಕನ್ನಡದಲ್ಲಿ ಅದಕ್ಕೆ ಹೆಸರೂ ಇಲ್ಲ.

ಸ್ವರವೇ ಇಲ್ಲದ ಪದಗಳಲ್ಲಿ ಶ್, ಹ್ಮ್ ಮುಂತಾದ ಉದ್ಗಾರಗಳನ್ನು ಬಿಡೋಣ. ಸಿ-ಡಬ್ಲ್ಯೂ-ಎಮ್ ಎಂಬುದನ್ನು ನೋಡಿ. ಕೂಮ್ ಎಂದು ಓದಬೇಕು. ವೇಲ್ಸ್ ದೇಶದ ಮಾತು. ಬೆಟ್ಟಗಳ ನಡುವೆ ಬಟ್ಟಲಿನಂತೆ ಕೊರೆದ ಕಣಿವೆ ಎಂಬರ್ಥ. ಎವರೆಸ್ಟಿನ ಮಡಿಲಿನ ಹಿಮಕಣಿವೆಗೆ 1921ರಲ್ಲಿ ಜಾರ್ಜ್ ಮ್ಯಾಲರಿ ಈ ಪದದಿಂದಲೇ ಹೆಸರಿಟ್ಟನು. 1953ರಲ್ಲಿ ಹಿಲರಿ, ತೇನ್‌ಸಿಂಗರು ಶಿಖರಕ್ಕೆ ಹೋದದ್ದು ಅದರ ಮೂಲಕ. ಇದರಲ್ಲಿ ಸ್ವರವಿಲ್ಲವೆನ್ನುವುದು ಇಂಗ್ಲಿಷರ ಲೆಕ್ಕ, ವೇಲ್ಸಿನವರಿಗೆ ಡಬ್ಲ್ಯೂ ಎಂಬುದೇ ಉಕಾರ. ವ್ಯಂಜನ ಹೇಗೆ ಸ್ವರವಾದೀತು ಎಂದು ಇಂಗ್ಲಿಷ್ ಮಗು ಬೆರಗಾಗಬಹುದು; ಮನು, ಅಂತರ ಸೇರಿ ಮನ್ವಂತರವಾಗುವ ಯಣ್ ಸಂಧಿಯನ್ನು ಓದಿದ ನಮ್ಮ ಮಗು ಬೆರಗಾಗಬೇಕಿಲ್ಲ. ಉಕಾರ ವಕಾರಗಳು ಒಂದೇ ಮನೆಯವೆಂದು ನಮ್ಮ ವ್ಯಾಕರಣ ಪುಸ್ತಕ ಎಂದೋ ಹೇಳಿದೆ. ಸಿ-ಆರ್-ಡಬ್ಲ್ಯೂ-ಟಿ-ಎಚ್, ಕ್ರೂತ್, ಎಂಬುದೂ ಅಲ್ಲಿಯದೇ, ಕಮಾನಿನಿಂದ ನುಡಿಸುವ ತಂತಿವಾದ್ಯ.

ಇಲ್ಲಿಯವರೆಗೆ ಹೇಳಿದ್ದು ಬಹುಮಟ್ಟಿಗೆ ಹೊರಗಿನಿಂದ ಬಂದ ಪದಗಳ ಮಾತು. ಆದರೆ ಮೊಮ್ಮಗಳ ಹಾಳೆಯ ಹಿಂಬದಿಯಲ್ಲಿ 'ಉಚ್ಚಾರವಿಲ್ಲದ ಅಕ್ಷರಗಳು' ಎಂಬ ತಲೆಬರಹದ ಕೆಳಗೆ ಇನ್ನೊಂದು ಪಟ್ಟಿಯಿತ್ತು, ಕೆ-ಎನ್‌ನಿಂದ ಆರಂಭವಾಗುವ ಪದಗಳದು. ನೀ ಎಂದರೆ ಮೊಣಕಾಲು, ನಾಟ್ ಎಂದರೆ ಗಂಟು, ನಿಟ್ ಎಂದರೆ ಹೆಣೆ, ನೋ ಎಂದರೆ ತಿಳಿ. ಇವು ಇಂಗ್ಲಿಷಿನ ಸ್ವಂತ ಮಕ್ಕಳು. ಈ ಕೆ ಬಾಯಿಗೆ ಬಾರದೆ ಬರವಣಿಗೆಯಲ್ಲಿ ಏಕಿದೆ ಎಂದು ನನ್ನ ತರಗತಿಯಲ್ಲಿ ಮಕ್ಕಳು ಪ್ರತಿ ವರ್ಷ ಕೇಳುತ್ತಿದ್ದರು. ಒಂದು ಕಾಲದಲ್ಲಿ ಅದನ್ನು ಉಚ್ಚರಿಸುತ್ತಿದ್ದರು. ಜರ್ಮನರು ಮೊಣಕಾಲಿಗೆ ಇಂದಿಗೂ ಕ್ನೀ ಎನ್ನುತ್ತಾರೆ. 17ನೆಯ ಶತಮಾನದ ಹೊತ್ತಿಗೆ ಇಂಗ್ಲಿಷರ ನಾಲಗೆಯಿಂದ ಅದು ಜಾರತೊಡಗಿತು, ಅಚ್ಚಿನ ಪುಸ್ತಕದಲ್ಲಿ ಉಳಿಯಿತು.

ನಾನು ನೆನಪಿನಲ್ಲಿಡಿ ಎಂದ ಜಕಾರ ಈಗ ಬರುತ್ತದೆ. 1786ರಲ್ಲಿ ಕಲಕತ್ತೆಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಬಂದಿರಬೇಕೆಂದು ಹೇಳಿದನು. 1822ರಲ್ಲಿ ಯಾಕೋಬ್ ಗ್ರಿಮ್ ಆ ಕುಟುಂಬದ ಭಾಷೆಗಳಲ್ಲಿ ಧ್ವನಿಗಳು ಕ್ರಮಬದ್ಧವಾಗಿ ಬದಲಾಗಿರುವುದನ್ನು ವಿವರಿಸಿದನು. ಆ ಕ್ರಮದಲ್ಲಿ ಸಂಸ್ಕೃತದ ಜಕಾರವಿರುವ ಎಷ್ಟೋ ಕಡೆ ಇಂಗ್ಲಿಷಿನಲ್ಲಿ ಕಕಾರದ ಧ್ವನಿಯಿರುತ್ತದೆ. ಹಾಗೆ ಜೋಡಿಸಿ ನೋಡಿ. ಕೆ-ಎನ್‌ನ ನೀ ಮತ್ತು ಸಂಸ್ಕೃತದ ಜಾನು, ಎರಡೂ ಮೊಣಕಾಲು; ಆಜಾನುಬಾಹು ಎಂಬಲ್ಲಿರುವ ಜಾನು. ಕೆ-ಎನ್-ಓ-ಡಬ್ಲ್ಯೂ ಮತ್ತು ಜ್ಞಾ, ಎರಡೂ ತಿಳಿಯುವುದು. ಇಂಗ್ಲಿಷ್ ಮಗು ಶಾಪ ಹಾಕುತ್ತಾ ಬರೆಯುವ ಆ ಮೂಕ ಕೆ, ನಮ್ಮ ಜ್ಞಾನದ ಜ್. ನಾವು ಕೂಡ ಜ್ಞ ಎಂದು ಬರೆದು ಗ್ನ ಎಂದೋ ಗ್ಯ ಎಂದೋ ಓದುತ್ತೇವೆ. ಆ ಕಡೆ ಬರವಣಿಗೆ ಒಂದು ಉಚ್ಚಾರ ಇನ್ನೊಂದಾಗಿರುವ ಪದ, ಈ ಕಡೆಯೂ ಅಂಥದ್ದೇ ಪದ, ಎರಡರ ಅರ್ಥವೂ ಅರಿವು. ಇದನ್ನು ಮೊದಲ ಸಲ ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಇದು ಸಂಸ್ಕೃತದ ನಂಟು, ಕನ್ನಡದ್ದಲ್ಲ. ಕನ್ನಡ ಬೇರೆ ಕುಟುಂಬದ ಭಾಷೆ, 1816ರಲ್ಲಿಯೇ ಮದ್ರಾಸಿನ ಎಲ್ಲಿಸ್ ಅದನ್ನು ಗುರುತಿಸಿದ್ದನು. ಜಾನು, ಜ್ಞಾನ, ಅಕ್ಷಗಳು ನಾವು ಪಡೆದುಕೊಂಡ ಪದಗಳು. ನಮ್ಮ ಸ್ವಂತ ಅರಿವು, ಮೊಣಕಾಲುಗಳಿಗೆ ಇಂಗ್ಲಿಷಿನಲ್ಲಿ ನಂಟರಿಲ್ಲ. ಧ್ವನಿ ಹೋಲಿತೆಂದು ನಂಟು ಕಟ್ಟುವ ಸಂದೇಶಗಳು ಈಗ ಮೊಬೈಲಿನಲ್ಲಿ ದಿನವೂ ಬರುತ್ತವೆ, ಅವುಗಳನ್ನು ಮಕ್ಕಳಿಗೆ ಕಲಿಸಬಾರದು.

ಕೆ-ಎನ್ ಬಿಡುವ ಮೊದಲು ಒಂದು ಜೋಡಿ. ನೈಟ್ ಎಂದರೆ ವೀರಯೋಧ, ನೇವ್ ಎಂದರೆ ಠಕ್ಕ. ಎರಡರ ಮೂಲಾರ್ಥವೂ ಹುಡುಗ, ಸೇವೆಗಿರುವ ಹುಡುಗ. ಒಂದು ಪದ ಕುದುರೆಯೇರಿತು, ಇನ್ನೊಂದು ಕೆಸರಿಗೆ ಬಿತ್ತು. ನಮ್ಮ ಬಂಟ ಎಂಬ ಪದದಲ್ಲಿ ಆಳು ಮತ್ತು ಶೂರ ಎಂಬ ಎರಡು ಅರ್ಥಗಳೂ ಒಟ್ಟಿಗೆ ಬಾಳುತ್ತಿವೆ.

ಕೊನೆಯ ಗುಂಪು ಡಬ್ಲ್ಯೂ-ಆರ್. ಇಲ್ಲಿ ಅಕ್ಷರಗಳ ಜೊತೆಗೆ ಅರ್ಥವನ್ನೂ ಪದಗಳು ಹಂಚಿಕೊಂಡಿವೆ. ರಿಂಗ್ ಎಂದರೆ ಬಟ್ಟೆ ಹಿಂಡು. ರಿಸ್ಟ್ ಎಂದರೆ ತಿರುಗುವ ಕೀಲು, ಮಣಿಕಟ್ಟು. ರೆಂಚ್ ಎಂದರೆ ತಿರುಚುವ ಸಲಕರಣೆ. ರೀತ್ ಎಂದರೆ ಸುತ್ತಿ ಹೆಣೆದ ಮಾಲೆ. ರೈ ಎಂದರೆ ಸೊಟ್ಟ. ರಿಂಕಲ್ ಎಂದರೆ ಸುಕ್ಕು. ರಾಂಗ್ ಎಂದರೆ ತಪ್ಪು, ಮೂಲದಲ್ಲಿ ತಿರುಚಿಕೊಂಡದ್ದು. ಎಲ್ಲದರಲ್ಲೂ ಒಂದು ತಿರುವಿದೆ. ಇವುಗಳನ್ನೂ ಸಂಸ್ಕೃತದ ವೃತ್ತ, ವರ್ತುಲಗಳನ್ನೂ ತಿರುಗು ಎಂಬರ್ಥದ ಒಂದೇ ಪ್ರಾಚೀನ ಧಾತುವಿನ ಕವಲುಗಳೆಂದು ಭಾಷಾಶಾಸ್ತ್ರಜ್ಞರು ಪರಿಗಣಿಸುತ್ತಾರೆ. ಕನ್ನಡದ ತಿರುಗು, ತಿರುಚು, ತಿರುವು, ತಿರುಪು ಎಂಬ ಸಾಲನ್ನು ಪಕ್ಕದಲ್ಲಿಟ್ಟರೆ, ಎರಡು ಬೇರೆ ಕುಟುಂಬಗಳ ಭಾಷೆಗಳು ಒಂದೇ ಅರ್ಥದ ಸುತ್ತ ಒಂದೇ ರೀತಿ ಪದ ಕಟ್ಟಿರುವುದು ಕಾಣುತ್ತದೆ. ಆ ಅಕ್ಷರಗಳಿರುವ ಎಲ್ಲವೂ ತಿರುವಿನ ಪದಗಳಲ್ಲ, ಉದಾಹರಣೆಗೆ ರೈಟ್, ಬರೆ. ಅದರ ಹಳೆಯ ಅರ್ಥ ಗೀರು, ಕೊರೆ. ನಮ್ಮ ಬರೆ ಕೂಡ ಹಾಗೆಯೇ: ಬರೆಯುವುದೂ ಬರೆ, ಎಳೆದ ಗೀರೂ ಬರೆ.

ರಜೆ ಮುಗಿಯುವುದರೊಳಗೆ ನಾನೂ ಮೊಮ್ಮಗಳೂ ಆ ಪಟ್ಟಿಯನ್ನು ಒಂದು ನೋಟ್ ಪುಸ್ತಕಕ್ಕೆ ಇಳಿಸಿ, ಪ್ರತಿ ಪದದ ಮುಂದೆ ಕನ್ನಡದಲ್ಲಿ ಅರ್ಥ ಬರೆದೆವು. ಚೀ ಎಂಬಲ್ಲಿ ಉಸಿರು ಎಂದು ಬರೆದಳು. ಝೋ ಎಂಬಲ್ಲಿ ಹೆಸರಿಲ್ಲವೆಂದು ಪ್ರಾಣಿಯ ಚಿತ್ರ ಬರೆದಳು. ನಾಲ್ಕಕ್ಷರದ ಪದಗಳಲ್ಲಿ ಆರ್-ಎ-ಜಿ-ಐ ಎಂಬುದೂ ಇತ್ತು, ಐದು ಅಂಕದ್ದು. ಅದನ್ನು ರ್ಯಾಜಿ ಎಂದು ಓದಿ, ಇದು ಯಾವ ದೇಶದ್ದು ಅಜ್ಜಿ ಎಂದು ಕೇಳಿದಳು. ಇನ್ನೊಮ್ಮೆ ನಿಧಾನವಾಗಿ ಓದು ಎಂದೆ. ಓದಿದಳು, ತಲೆಯೆತ್ತಿ ನನ್ನನ್ನು ನೋಡಿದಳು, ಆಮೇಲೆ ಅರ್ಥದ ಅಂಕಣದಲ್ಲಿ ದುಂಡಗೆ ಬರೆದಳು: ಅಡುಗೆಮನೆ, ಕೆಳಗಿನ ಅಟ್ಟಣೆ, ಎರಡನೆಯ ಡಬ್ಬ.